ಶಾಲು ಹೊದಿಸುವ ಮುಂಚೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಹೇಗಿದ್ದೀಯ? ನಿನ್ನ ಮೆಸೇಜ್ ಓದಿ ತುಂಬಾ ಖುಷಿಯಾಯಿತು. ಶಾಸಕರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದೀಯ ಅಂತ ಅಮ್ಮನೂ ಹೇಳಿದ್ದರು. ತಿಂಗಳಿಗೊಮ್ಮೆ ಕ್ಷೇತ್ರದ ಸುದ್ದಿ ಬರೆಯುವುದು, ಊರೂರಿನಲ್ಲಿ ಒಳ್ಳೆ ಕೆಲಸ ಮಾಡಿದವರನ್ನು ಹುಡುಕಿ ಸನ್ಮಾನಕ್ಕೆ ಹೆಸರು ಕೊಡುವುದು, ಎರಡೂ ನಿನ್ನ ಪಾಲಿಗೇ ಬಂದಿವೆ ಅಂದೆ. "ಯಾರನ್ನು ಆರಿಸಲಿ, ಏನು ಬರೆಯಲಿ" ಅಂತ ಕೇಳಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ನಿನ್ನಂಥದ್ದೇ ಕೆಲಸದಲ್ಲಿ ಇರುವವರು ಬೇರೆ ಊರುಗಳಲ್ಲೂ ಇರುತ್ತಾರಲ್ಲ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಮೊದಲು ನಮ್ಮ ಚಿಕ್ಕಮ್ಮನ ವಿಷಯ ಹೇಳಬೇಕು. ನಿನಗೆ ಅವರು ಗೊತ್ತು. 2003ರಲ್ಲಿ ನಮ್ಮ ಕಡೆಯ ಶಾಲೆಗಳಿಗೆ ಬಿಸಿಯೂಟ ಬಂದಾಗ ಅಡುಗೆಗೆ ಸೇರಿದವರು. ಕೆಲವು ವರ್ಷಗಳ ಹಿಂದೆ ಅವರಿಗೂ ಒಂದು ಸನ್ಮಾನ ಆಯಿತು. ಎಲ್ಲಿ, ಯಾರು ಮಾಡಿದ್ದು ಅನ್ನುವುದು ಬೇಡ. ಕಾರ್ಡಿನಲ್ಲಿ ಬೆಳಗ್ಗೆ ಹತ್ತೂವರೆ ಅಂತ ಇತ್ತು. ಮಗಳ ಮದುವೆಗೆ ತಂದಿದ್ದ ರೇಷ್ಮೆ ಸೀರೆ ಉಟ್ಟುಕೊಂಡು ಹತ್ತಕ್ಕೇ ಹೋಗಿ ಕೂತಿದ್ದರು. ಕಾರ್ಯಕ್ರಮ ಶುರುವಾಗಿದ್ದು ಒಂದು ಗಂಟೆಗೆ. ಭಾಷಣಗಳೆಲ್ಲ ಮುಗಿದು ಸನ್ಮಾನಕ್ಕೆ ಕರೆದಾಗ ಮೂರು ದಾಟಿತ್ತು. ಸುಮಾರು ನಲವತ್ತು ಜನ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರಿಗೆ ಅರ್ಧ ನಿಮಿಷ. ಚಿಕ್ಕಮ್ಮನ ಹೆಸರನ್ನು ತಪ್ಪಾಗಿ ಓದಿದರು. ಮಾಡಿದ ಕೆಲಸ ಏನು ಅಂತ ಒಂದು ಮಾತೂ ಬರಲಿಲ್ಲ. ಆಮೇಲೆ ಬಂದ ಫೋಟೋದಲ್ಲಿ ಚಿಕ್ಕಮ್ಮನ ಮುಖ ಯಾರದೋ ಭುಜದ ಹಿಂದೆ ಅರ್ಧ ಮುಚ್ಚಿಹೋಗಿತ್ತು.

ಸಂಜೆ ಮನೆಗೆ ಬಂದು ಶಾಲನ್ನು ಮಡಿಸಿ ಬೀರುವಿನಲ್ಲಿಟ್ಟರು. ಕೋಪ ಮಾಡಿಕೊಳ್ಳಲಿಲ್ಲ. ಒಂದೇ ಮಾತು ಹೇಳಿದರು: "ನಾನು ಒಂದು ದಿನವೂ ಮಕ್ಕಳನ್ನು ಇಷ್ಟು ಹೊತ್ತು ಹಸಿದು ಕೂರಿಸಿಲ್ಲಪ್ಪ." ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಅವರು ಮಾಡಿದ ಕೆಲಸ ಏನು ಗೊತ್ತಾ? ಲೆಕ್ಕದ ಪ್ರಕಾರ ಐದನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, ಅದಕ್ಕಿಂತ ದೊಡ್ಡವರಿಗೆ 150 ಗ್ರಾಂ. ಆದರೆ ಸೋಮವಾರ ಕೆಲವು ಮಕ್ಕಳಿಗೆ ಹಸಿವು ಜಾಸ್ತಿ. ಭಾನುವಾರ ಶಾಲೆಯ ಊಟ ಇಲ್ಲವಲ್ಲ. ಯಾವ ಮಕ್ಕಳು ಅಂತ ಚಿಕ್ಕಮ್ಮನಿಗೆ ಗೊತ್ತಿತ್ತು. ಮಕ್ಕಳು ಕಡಿಮೆ ಬಂದ ದಿನ ಉಳಿಯುವ ಅಕ್ಕಿಯನ್ನು ಹೆಡ್ ಮೇಷ್ಟ್ರಿಗೆ ಹೇಳಿ ಸೋಮವಾರಕ್ಕೆ ಎತ್ತಿಡುತ್ತಿದ್ದರು. ಆ ಮಕ್ಕಳನ್ನು ಹೆಸರು ಹಿಡಿದು ಕರೆಯದೆ, ಎಲ್ಲರಿಗೂ ಬಡಿಸುವ ಹಾಗೆ ಇನ್ನೊಂದು ಸುತ್ತು ಬರುತ್ತಿದ್ದರು. ಯಾರಿಗೂ ನಾಚಿಕೆ ಆಗಬಾರದು ಅಂತ. ವೇದಿಕೆಯಲ್ಲಿ ಯಾರಾದರೂ ಇದಿಷ್ಟನ್ನು ಎರಡು ನಿಮಿಷ ಹೇಳಿದ್ದರೆ ಸಾಕಿತ್ತು. ಶಾಲು ಇಲ್ಲದಿದ್ದರೂ ನಡೆಯುತ್ತಿತ್ತು.

ಇನ್ನೊಂದು ವಿಷಯ ಇದೆ. ಅಡುಗೆ ಕೋಣೆಯ ಶೀಟು ಒಡೆದು ಮಳೆಗಾಲದಲ್ಲಿ ಒಲೆಯ ಪಕ್ಕಕ್ಕೇ ನೀರು ಬೀಳುತ್ತಿತ್ತು. ಅದನ್ನು ಹೇಳೋಣ ಅಂತ ಅವರು ಮನೆಯಿಂದಲೇ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದರು. ಹೇಳಲು ಜಾಗವೇ ಸಿಗಲಿಲ್ಲ.

ಹಾಗಾಗಿ ನನ್ನ ಮೊದಲ ಮಾತು ಇದೇ. ಯಾರನ್ನಾದರೂ ಸನ್ಮಾನಕ್ಕೆ ಆರಿಸಿದರೆ, ಮೊದಲು ಅವರ ಹತ್ತಿರ ಹೋಗಿ "ನಿಮ್ಮ ಕೆಲಸಕ್ಕೆ ಏನು ಬೇಕು" ಅಂತ ಕೇಳು. ಆಮೇಲೆ ಉಳಿದದ್ದು.

ಹರೇಕಳ ಹಾಜಬ್ಬ ಅವರ ಕಥೆ ನಮಗೆಲ್ಲ ಗೊತ್ತು. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ಒಮ್ಮೆ ವಿದೇಶಿಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ಉತ್ತರ ಹೇಳಲು ಬರಲಿಲ್ಲ. ತಮ್ಮ ಊರಿನ ಮಕ್ಕಳಿಗೆ ಹೀಗಾಗಬಾರದು ಅಂತ ಶಾಲೆಗಾಗಿ ಓಡಾಡಿದರು. 2020ರ ಜನವರಿಯಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಬರಿಗಾಲಿನಲ್ಲಿ ಹೋಗಿ ಪ್ರಶಸ್ತಿ ತೆಗೆದುಕೊಂಡರು. ಆ ಫೋಟೋ ನೋಡಿ ನಾವಿಬ್ಬರೂ ಕಣ್ಣೀರು ಹಾಕಿದ್ದು ನೆನಪಿದೆಯಾ?

ಆದರೆ ಈ ಕಥೆಯಲ್ಲಿ ಶಾಸಕರೊಬ್ಬರೂ ಇದ್ದಾರೆ. ಅವರ ಬಗ್ಗೆ ಮಾತು ಕಡಿಮೆ. ಅಂದಿನ ಶಾಸಕ ಯು.ಟಿ. ಫರೀದ್ ಅವರು 2000ದಲ್ಲಿ ಹರೇಕಳದ ನ್ಯೂಪಡ್ಪುವಿಗೆ ಆ ಶಾಲೆಯನ್ನು ಮಂಜೂರು ಮಾಡಿಸಿದರು. 28 ಮಕ್ಕಳಿಂದ ಶುರುವಾದ ಶಾಲೆ ಅದು. ಹಾಜಬ್ಬ ಅವರ ಹೆಸರು ಆಗ ದೇಶಕ್ಕೆ ಗೊತ್ತಿರಲಿಲ್ಲ. ಪದ್ಮಶ್ರೀ ಬರಲು ಇನ್ನೂ ಇಪ್ಪತ್ತು ವರ್ಷ ಇತ್ತು. ಒಬ್ಬ ಹಣ್ಣಿನ ವ್ಯಾಪಾರಿ ಶಾಲೆ ಬೇಕು ಅಂದರು, ಶಾಲೆ ಬಂತು. ನನ್ನ ಕಣ್ಣಿಗೆ ಆ ಮಂಜೂರಾತಿ ಕಾಗದವೇ ಅವರಿಗೆ ಸಿಕ್ಕ ಮೊದಲ ಸನ್ಮಾನ.

ನಿಮ್ಮ ಶಾಸಕರ ಕೈಯಲ್ಲೂ ಅಂಥ ದಾರಿ ಇದೆ. ನಮ್ಮ ರಾಜ್ಯದಲ್ಲಿ ಪ್ರತಿ ಶಾಸಕರಿಗೂ ಪ್ರದೇಶಾಭಿವೃದ್ಧಿ ನಿಧಿ ಅಂತ ವರ್ಷಕ್ಕೆ 2 ಕೋಟಿ ರೂಪಾಯಿ ಇದೆ. ಶಾಸಕರು ಕೆಲಸ ಸೂಚಿಸುತ್ತಾರೆ, ಹಣ ಜಿಲ್ಲಾಧಿಕಾರಿಗಳ ಮೂಲಕ ಬಿಡುಗಡೆಯಾಗುತ್ತದೆ. ಇಡೀ ಕ್ಷೇತ್ರಕ್ಕೆ ಇದು ಜಾಸ್ತಿ ಏನಲ್ಲ, ಒಪ್ಪುತ್ತೇನೆ. ಆದರೆ ಒಂದು ಅಡುಗೆ ಕೋಣೆಯ ಚಾವಣಿಗೆ ಖಂಡಿತ ಸಾಕು. ಸನ್ಮಾನ ಆದವರ ಹೆಸರಿನ ಪಕ್ಕದಲ್ಲಿ ಅವರು ಕೇಳಿದ ಕೆಲಸ ಏನಾಯಿತು ಅಂತ ನಿನ್ನ ಮಾಸಿಕ ಸುದ್ದಿಯಲ್ಲಿ ಒಂದು ಸಾಲು ಬರಲಿ. ಆಗಿದ್ದರೆ ಆಗಿದೆ ಅಂತ, ಇಲ್ಲದಿದ್ದರೆ ಎಲ್ಲಿ ನಿಂತಿದೆ ಅಂತ. ಜನ ಅದನ್ನೇ ಮೊದಲು ಓದುತ್ತಾರೆ, ನೋಡು.

ಇನ್ನು ಯಾರನ್ನು ಆರಿಸುವುದು? ಅರ್ಜಿ ಬರಲಿ ಅಂತ ಕಾಯಬೇಡ. ಅರ್ಜಿ ಹಾಕುವವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಆದರೆ ಚಿಕ್ಕಮ್ಮನಂಥವರು ಯಾವತ್ತೂ ಅರ್ಜಿ ಹಾಕುವುದಿಲ್ಲ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನಪಿಸಿಕೋ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿದ ಹಾಲಕ್ಕಿ ಸಮುದಾಯದ ಹೆಣ್ಣುಮಗಳು. ಯಾವ ತಾಯಿಮರದ ಬೀಜ ಯಾವಾಗ ಆರಿಸಬೇಕು ಅನ್ನುವುದು ಅವರ ತಲೆಯಲ್ಲೇ ಇತ್ತು. ಹಾಜಬ್ಬ ಅವರ ಹಾಗೇ ಅವರೂ ಅದೇ ದಿನ, ಬರಿಗಾಲಿನಲ್ಲಿ ಪದ್ಮಶ್ರೀ ತೆಗೆದುಕೊಂಡರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರ ಕೆಲಸ ಅವರ ಅಕ್ಕಪಕ್ಕದವರಿಗೆ ಮಾತ್ರ ಕಾಣುತ್ತಿರುತ್ತದೆ. ಆ ಅಕ್ಕಪಕ್ಕದವರನ್ನೇ ಕೇಳಬೇಕು.

2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 6.11 ಕೋಟಿ. ವಿಧಾನಸಭೆಯ ಕ್ಷೇತ್ರಗಳು 224. ಭಾಗಿಸಿ ನೋಡು, ಆಗಲೇ ಒಂದು ಕ್ಷೇತ್ರಕ್ಕೆ ಸರಾಸರಿ 2.7 ಲಕ್ಷ ಜನ. ಶಾಸಕರು ಎಷ್ಟೇ ಓಡಾಡಿದರೂ ಎಲ್ಲರನ್ನೂ ನೋಡಲು ಆಗುವುದಿಲ್ಲ. ನೀನು ನೋಡಬೇಕು. ಹಾಗಂತ ಮುಖಂಡರ ಮನೆಗಷ್ಟೇ ಹೋಗಿ ಕೇಳಿದರೆ ಅವರಿಗೆ ಬೇಕಾದ ಹೆಸರೇ ಬರುತ್ತದೆ. ಅಂಗನವಾಡಿಗೆ ಹೋಗು. ಆಶಾ ಕಾರ್ಯಕರ್ತೆಯರ ಜೊತೆ ಕೂತು ಮಾತಾಡು, ಊರಿನ ಎಲ್ಲ ಮನೆಗಳ ಒಳಗೂ ಹೋಗಿ ಬಂದವರು ಅವರೇ. ಪೋಸ್ಟ್‌ಮ್ಯಾನ್ ಹತ್ತಿರ, ರಾತ್ರಿ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮ್ಯಾನ್ ಹತ್ತಿರ ಕೇಳು. "ನಿಮಗೆ ಕಷ್ಟ ಬಂದಾಗ ಮೊದಲು ಯಾರನ್ನು ಕರೆಯುತ್ತೀರಿ?" ಅಂತ ಕೇಳಿ ನೋಡು. ಮೂರು ಬೀದಿಯವರು ಒಂದೇ ಹೆಸರು ಹೇಳಿದರೆ ಅವರ ಮನೆಗೆ ಹೋಗು.

ಪೌರಕಾರ್ಮಿಕರ ದಿನ ಸೆಪ್ಟೆಂಬರ್ 23 ಇದೆಯಲ್ಲ, ಅವತ್ತಿಗೆ ಅಂತ ಹೆಸರು ಬೇಕಾಗುತ್ತದೆ. ಅದಕ್ಕೆ ಆಗಸ್ಟಿನಲ್ಲೇ ಬೆಳಗಿನ ಜಾವ ಅವರ ಜೊತೆ ನಾಲ್ಕು ದಿನ ನಡೆದು ನೋಡು. ಆಮೇಲೆ ಬರೆಯುವುದೇ ಬೇರೆ ಇರುತ್ತದೆ.

ಬರವಣಿಗೆ ಬಗ್ಗೆಯೂ ಕೇಳಿದ್ದೆ. "ಸಮಾಜಕ್ಕೆ ಇವರ ಸೇವೆ ಅಪಾರ" ಅಂತ ಬರೆಯಬೇಡ, ದಯವಿಟ್ಟು. ಆ ಸಾಲು ಯಾರಿಗೆ ಬೇಕಾದರೂ ಹೊಂದುತ್ತದೆ, ಹಾಗಾಗಿ ಯಾರದ್ದೂ ಅಲ್ಲ. ಅಮೆರಿಕದ ರಾಜ್ಯಗಳಲ್ಲಿ ಒಂದು ರೂಢಿ ಇದೆ. ಅಲ್ಲಿನ ಶಾಸಕರು ತಮ್ಮ ಕ್ಷೇತ್ರದ ನೂರು ತುಂಬಿದ ಅಜ್ಜಿಗೋ, ನಿವೃತ್ತರಾದ ಅಗ್ನಿಶಾಮಕ ಸಿಬ್ಬಂದಿಗೋ ಗೌರವ ಸೂಚಿಸುವ ನಿರ್ಣಯವನ್ನೇ ಸದನದಲ್ಲಿ ತರುತ್ತಾರೆ. ಅದರ ಒಂದೊಂದು ಸಾಲಿನಲ್ಲೂ ಆ ವ್ಯಕ್ತಿ ಯಾವ ವರ್ಷ ಏನು ಮಾಡಿದರು ಅಂತ ಇರುತ್ತದೆ. ಕೊನೆಗೆ ಅದರ ಪ್ರತಿ ಮನೆಯವರಿಗೆ ಸಿಗುತ್ತದೆ. ಈ ಪದ್ಧತಿ ನನಗೆ ಇಷ್ಟ. ನಮ್ಮಲ್ಲಿ ಕೊಡುವ ಅಭಿನಂದನಾ ಪತ್ರವನ್ನೂ ಹೀಗೆ ಬರೆಯಬಹುದು. ಸೋಮವಾರದ ಅಕ್ಕಿಯ ವಿಷಯ ಅದರಲ್ಲಿ ಇದ್ದಿದ್ದರೆ ಚಿಕ್ಕಮ್ಮ ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು.

ನಮ್ಮ ಸದನದಲ್ಲೂ ಆಡಿದ ಮಾತು ನಡಾವಳಿಯಲ್ಲಿ ದಾಖಲಾಗಿ ಉಳಿಯುತ್ತದೆ. ನಿಮ್ಮ ಶಾಸಕರು ಬಿಸಿಯೂಟದವರ ಗೌರವಧನದ ಬಗ್ಗೆ ಮಾತಾಡುವ ದಿನ, ತಮ್ಮ ಕ್ಷೇತ್ರದ ಒಬ್ಬ ಅಡುಗೆಯವರು ದಿನವೂ ಏನು ಮಾಡುತ್ತಾರೆ ಅಂತ ನಾಲ್ಕು ಸಾಲು ಹೇಳಲಿ. ಬೆಂಗಳೂರಾದರೂ ಸರಿ, ಬೆಳಗಾವಿಯ ಅಧಿವೇಶನವಾದರೂ ಸರಿ. ಆ ನಾಲ್ಕು ಸಾಲು ಬರೆದುಕೊಡುವುದು ನಿನ್ನ ಕೈಯಲ್ಲಿದೆ.

ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಿ ಅಂತ 2021ರಲ್ಲೇ ನಮ್ಮ ಸರ್ಕಾರ ತನ್ನ ಕಾರ್ಯಕ್ರಮಗಳಿಗೆ ಆದೇಶ ಮಾಡಿತ್ತು. ಒಳ್ಳೆಯದೇ. ಓದು ಬಾರದವರಿಗೆ ಮಾತ್ರ ಬೇರೆ ಯೋಚನೆ ಮಾಡು. ಅವರ ಕೆಲಸಕ್ಕೆ ಬರುವ ಒಂದು ಗಟ್ಟಿ ವಸ್ತು ಆಗಬಹುದು.

ಫೋಟೋ ಹಾಕುವ ಮುಂಚೆ ಅವರನ್ನು ಒಂದು ಮಾತು ಕೇಳು. ಬಡತನದ ಕಥೆ ಸುಮ್ನೆ ಎಳೆದು ಬರೆಯಬೇಡ, ಅವರ ಮಕ್ಕಳೂ ಅದನ್ನು ಓದುತ್ತಾರೆ. ಫೋಟೋದಲ್ಲಿ ನಡುವೆ ಸನ್ಮಾನ ಆದವರು ಇರಲಿ, ಶಾಸಕರು ಪಕ್ಕದಲ್ಲಿ. ಇದನ್ನು ಶಾಸಕರಿಗೆ ನೀನೇ ನೇರವಾಗಿ ಹೇಳು. ಒಳ್ಳೆಯ ಮನುಷ್ಯರು ಅಂತ ನೀನೇ ಬರೆದಿದ್ದೆಯಲ್ಲ, ಖಂಡಿತ ಕೇಳುತ್ತಾರೆ.

ಆದಷ್ಟೂ ಅವರು ಕೆಲಸ ಮಾಡುವ ಜಾಗಕ್ಕೇ ಹೋಗಿ ಗೌರವಿಸಿ. ಶಾಲೆಯ ಅಡುಗೆ ಕೋಣೆ, ನರ್ಸರಿ, ಪಂಪ್‌ಹೌಸ್. ಪೆಂಡಾಲ್ ಬೇಡ, ಮೈಕ್ ಬೇಡ. ಅಲ್ಲಿ ಹತ್ತೇ ಜನ ಇದ್ದರೂ ಅವರೆಲ್ಲ ಆ ಕೆಲಸ ಕಣ್ಣಾರೆ ಕಂಡವರಾಗಿರುತ್ತಾರೆ.

ಮೊದಲ ತಿಂಗಳಿಗೆ ಒಂದು ಹೆಸರು ನಾನೇ ಹೇಳಲಾ? ನಿಮ್ಮ ಊರಿನಲ್ಲಿ ನೀರು ಬಿಡುವ ಅಣ್ಣ. ನಾವು ಹೈಸ್ಕೂಲಿನಲ್ಲಿದ್ದಾಗಿನಿಂದ ವಾಲ್ವ್ ತಿರುಗಿಸುತ್ತಿದ್ದಾರೆ. ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಒಂದೇ ಅಳತೆಯಲ್ಲಿ ನೀರು. ಎಷ್ಟು ಜನ ಜಗಳ ಆಡಿದರೂ ಬದಲಾಯಿಸಲಿಲ್ಲ. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟಾಗ ಟ್ಯಾಂಕರ್ ಪಕ್ಕದಲ್ಲಿ ನಿಂತು, ವಯಸ್ಸಾದವರ ಕೊಡ ತಾವೇ ಹೊತ್ತು ಮನೆಗೆ ಮುಟ್ಟಿಸಿದ್ದನ್ನು ನೀನೂ ನೋಡಿದ್ದೀಯ.

ಸಂಜೆ ಹೋಗಬೇಡ, ಅವರು ಬೇಗ ಮಲಗುತ್ತಾರೆ. ಬೆಳಗ್ಗೆ ನಾಲ್ಕಕ್ಕೆ ಟ್ಯಾಂಕಿನ ಹತ್ತಿರ ಇರುತ್ತಾರೆ. ಶಾಸಕರನ್ನೂ ಆ ಹೊತ್ತಿಗೇ ಕರೆದುಕೊಂಡು ಹೋಗು. ಟಾರ್ಚ್ ಮರೆಯಬೇಡ. ಟ್ಯಾಂಕಿಗೆ ಹೋಗುವ ಆ ದಾರಿಗೆ ಇನ್ನೂ ದೀಪ ಹಾಕಿಲ್ಲವಂತೆ.

ನಿನ್ನ ಗೆಳೆಯ