ಎಸ್ಪಿ ಅವರ ಇಪ್ಪತ್ತು ನಿಮಿಷ

ಗೆಳೆಯಾ,

ಪತ್ರಿಕೆ ಬಿಟ್ಟು ಟಿವಿಗೆ ಹೋಗಲೋ ಬೇಡವೋ ಅಂತ ಕೇಳಿದ್ದೀಯ. ನಾನೇನು ಜ್ಯೋತಿಷಿಯಲ್ಲ. ಆದರೆ ನಿನ್ನ ಮೆಸೇಜ್ ನೋಡಿದಾಗಿನಿಂದ ಹಿಂದಿ ಪತ್ರಕರ್ತ ಸುರೇಂದ್ರ ಪ್ರತಾಪ್ ಸಿಂಗ್ ತಲೆಯಲ್ಲಿ ಕೂತಿದ್ದಾರೆ. ಹಿಂದಿ ಸುದ್ದಿಮನೆಯವರಿಗೆ ಅವರು ಬರೀ ಎಸ್ಪಿ. ನಮ್ಮ ಕಡೆ ಈ ಹೆಸರು ಕೇಳಿದವರು ಕಡಿಮೆ, ಅಲ್ವಾ?

ಹುಟ್ಟಿದ್ದು 1948ರಲ್ಲಿ, ಉತ್ತರ ಪ್ರದೇಶದ ಗಾಜೀಪುರ ಜಿಲ್ಲೆಯಲ್ಲಿ. ಬೆಳೆದದ್ದು ಕೋಲ್ಕತ್ತಾ ಹತ್ತಿರದ ಗಾರುಲಿಯಾದಲ್ಲಿ. ‘ರವಿವಾರ್’ ವಾರಪತ್ರಿಕೆಯ ಸಂಪಾದಕರಾಗಿ ಹೆಸರು ಮಾಡಿದರು, ಆಮೇಲೆ ‘ನವಭಾರತ್ ಟೈಮ್ಸ್’ ದಿನಪತ್ರಿಕೆ. 1995ರ ಜುಲೈನಲ್ಲಿ ದೂರದರ್ಶನದ ಮೆಟ್ರೋ ಚಾನೆಲ್‌ನಲ್ಲಿ ‘ಆಜ್ ತಕ್’ ಸುದ್ದಿ ಶುರುವಾಯಿತು, ಅದರ ಸಂಪಾದಕರೂ ನಿರೂಪಕರೂ ಇವರೇ. ಆಗ ಅವರಿಗೆ ನಲವತ್ತಾರು. ನಿನಗಿಂತ ದೊಡ್ಡವರು, ಸಮಾಧಾನ ಮಾಡಿಕೋ.

ಆಗ ಅದು ಚಾನೆಲ್ ಅಲ್ಲ. ರಾತ್ರಿ ಹೊತ್ತಿನ ಇಪ್ಪತ್ತು ನಿಮಿಷದ ಕಾರ್ಯಕ್ರಮ, ಅಷ್ಟೇ. ಸರ್ಕಾರಿ ವಾರ್ತೆಯ ಬಿಗಿ ಹಿಂದಿ ಕೇಳಿ ಕೇಳಿ ಸುಸ್ತಾಗಿದ್ದ ಜನಕ್ಕೆ ಗಡ್ಡದ ಈ ಮನುಷ್ಯ ಎದುರು ಕೂತು ಮಾತಾಡಿದಂತೆ ಸುದ್ದಿ ಹೇಳಿದರು. ಕೊನೆಗೆ ‘ಯೇ ಥೀ ಖಬರೇಂ ಆಜ್ ತಕ್, ಇಂತಜಾರ್ ಕೀಜಿಯೇ ಕಲ್ ತಕ್’ (ಇವು ಇವತ್ತಿನವರೆಗಿನ ಸುದ್ದಿ, ನಾಳೆಯವರೆಗೆ ಕಾಯಿರಿ) ಅಂತ ಮುಗಿಸುತ್ತಿದ್ದರು. ಆ ಸಾಲು ಮನೆಮಾತಾಯಿತು.

ನನಗೆ ಅವರು ಇಷ್ಟವಾಗುವುದು ಒಂದು ದಿನದ ಕೆಲಸಕ್ಕೆ. 1995ರ ಸೆಪ್ಟೆಂಬರ್ 21. ಗಣೇಶ ಹಾಲು ಕುಡಿಯುತ್ತಾನೆ ಅಂತ ದೇಶಕ್ಕೆ ದೇಶವೇ ಚೊಂಬು, ಚಮಚ ಹಿಡಿದು ದೇವಸ್ಥಾನಕ್ಕೆ ಓಡಿತ್ತು. ನಮ್ಮ ಬೀದಿಗಳಲ್ಲೂ ಅದೇ ಕತೆ. ಎಸ್ಪಿ ತಂಡ ಏನು ತೋರಿಸಿತು ಗೊತ್ತಾ? ಚಪ್ಪಲಿ ರಿಪೇರಿಯವರು ಮೊಳೆ ಹೊಡೆಯಲು ಇಟ್ಟುಕೊಳ್ಳುತ್ತಾರಲ್ಲ, ಆ ಮೂರು ಕಾಲಿನ ಕಬ್ಬಿಣ. ಅದಕ್ಕೆ ಹಾಲಿನ ಚಮಚ ತಾಗಿಸಿದರೆ ಅದೂ ‘ಕುಡಿಯಿತು’! ಹಾಲು ಮೇಲ್ಮೈಗೆ ಅಂಟಿಕೊಂಡು ತೆಳ್ಳಗೆ ಕೆಳಗೆ ಜಾರುತ್ತೆ, ಕಣ್ಣಿಗೆ ಕಾಣುವುದಿಲ್ಲ. ಯಾರನ್ನೂ ಬೈಯಲಿಲ್ಲ, ಭಕ್ತರನ್ನು ಗೇಲಿ ಮಾಡಲಿಲ್ಲ. ಇವತ್ತಾಗಿದ್ದರೆ ಒಂದು ಕಡೆ ಸ್ವಾಮೀಜಿ, ಇನ್ನೊಂದು ಕಡೆ ವಿಜ್ಞಾನಿ ಕೂರಿಸಿ ಸಂಜೆಯಿಡೀ ಕಿರುಚಾಡಿಸುತ್ತಿದ್ದರು. ಹಾಲು ಎಲ್ಲಿಗೆ ಹೋಯಿತು ಅಂತ ಮಾತ್ರ ಯಾರೂ ಹೇಳುತ್ತಿರಲಿಲ್ಲ.

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರಕ್ಕೆ ಬೆಂಕಿ ಬಿತ್ತು. 59 ಜನ ಸತ್ತರು. ಆ ಸುದ್ದಿ ಕೊಟ್ಟ ಕೆಲವೇ ದಿನಗಳಲ್ಲಿ ಎಸ್ಪಿಗೆ ಮೆದುಳಿನ ರಕ್ತಸ್ರಾವವಾಯಿತು. ಅದೇ ಜೂನ್ 27ಕ್ಕೆ ತೀರಿಹೋದರು. ಆ ದುಃಖವೇ ಅವರ ಪ್ರಾಣ ತೆಗೆಯಿತು ಅನ್ನುವವರಿದ್ದಾರೆ. ನನಗದು ಸುಮ್ನೆ ಕತೆ ಕಟ್ಟಿದ ಹಾಗೆ ಕಾಣುತ್ತೆ. ಟಿವಿಯಲ್ಲಿ ಅವರಿಗೆ ಸಿಕ್ಕಿದ್ದು ಎರಡು ವರ್ಷವೂ ಪೂರ್ತಿ ಅಲ್ಲ.

‘ಆಜ್ ತಕ್’ 24 ಗಂಟೆಯ ಚಾನೆಲ್ ಆಗಿದ್ದು 2000ದ ಕೊನೆಯ ದಿನ. ಅದನ್ನು ಅವರು ನೋಡಲಿಲ್ಲ. ಇಪ್ಪತ್ತೇ ನಿಮಿಷ ಇದ್ದಾಗ ಹತ್ತು ಸುದ್ದಿ ಬಿಟ್ಟು ಒಂದನ್ನು ಹಿಡಿಯಬೇಕು. ಬಿಡುವುದೇ ಸಂಪಾದಕನ ಕೆಲಸ. ಇಪ್ಪತ್ತನಾಲ್ಕು ಗಂಟೆ ತುಂಬಿಸಬೇಕಾದಾಗ ಯಾವುದನ್ನು ಬಿಡುತ್ತೀಯ ಹೇಳು?

ಸಂಬಳ ಜಾಸ್ತಿ ಅಂದೆ. ಒಳ್ಳೆಯದೇ, ಮನೆ ಸಾಲ ಇದೆ, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಒಪ್ಪಿಕೊಳ್ಳುವ ಮುಂಚೆ ಆ ಟಿವಿಯವರನ್ನು ಒಂದು ಮಾತು ಕೇಳು: ‘ಈ ಸುದ್ದಿ ಬೇಡ’ ಅಂತ ನಾನು ಹೇಳಿದರೆ ನಡೆಯುತ್ತಾ? ಏನಂದರು ಅಂತ ಫೋನ್ ಮಾಡು. ರಾತ್ರಿ ಒಂಬತ್ತರ ಮೇಲೆ ಮಾಡು, ನಮ್ಮನೆಯಲ್ಲಿ ಆ ಹೊತ್ತಿಗೆ ಟಿವಿ ಆಫ್ ಇರುತ್ತೆ.

ನಿನ್ನವ