‘ಮುಳ್ಳುಂ ಮಲರುಂ’ ರಜನಿಯ ಸ್ಟೈಲಿಗೆ ಹೊಸೆದ ಚಿತ್ರವಲ್ಲ

ಮಾನ್ಯ ಸಂಪಾದಕರೇ,

ರಜನಿಕಾಂತ್ ಚಿತ್ರರಂಗಕ್ಕೆ ಬಂದು 50 ವರ್ಷ ತುಂಬಿದ ನೆಪದಲ್ಲಿ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಅದರಲ್ಲಿ ತಮಿಳಿನ ‘ಮುಳ್ಳುಂ ಮಲರುಂ’ (1978) ಬಗ್ಗೆ ಇದ್ದದ್ದು ಒಂದೇ ಸಾಲು: ರಜನಿಯ ಸ್ಟೈಲಿಗೆಂದೇ ಮಾಡಿದ ಚಿತ್ರವಂತೆ. ಆ ಸಾಲು ತಪ್ಪು. ನಾನು ಸಿನಿಮಾ ಪಂಡಿತನೇನಲ್ಲ. ಘಟ್ಟದ ಕೆಳಗಿನ ಒಂದು ವಿದ್ಯುದಾಗಾರದಲ್ಲಿ ಮೂವತ್ತು ವರ್ಷ ವಿಂಚ್, ಅಂದರೆ ರೋಪಿನಿಂದ ಟ್ರಾಲಿ ಎಳೆಯುವ ಯಂತ್ರ, ಓಡಿಸಿದವನು. ಚಿತ್ರದಲ್ಲಿ ರಜನಿ ಮಾಡಿದ ಕಾಳಿಯೂ ವಿಂಚ್ ಆಪರೇಟರೇ. ಆ ಒಂದು ನಂಟಿನ ಸಲುಗೆಯಿಂದ ಬರೆಯುತ್ತಿದ್ದೇನೆ.

ರಜನಿ ಬೇಡ ಎಂದವರೇ ಆ ಚಿತ್ರದ ನಿರ್ಮಾಪಕ ವೇಣು ಚೆಟ್ಟಿಯಾರ್. ಕಪ್ಪು ಬಣ್ಣ, ಮೇಲಾಗಿ ಖಳನ ಪಾತ್ರಗಳಲ್ಲಿ ಕಂಡ ಮುಖ. ಅಂಥವನು ತಂಗಿಗಾಗಿ ಜೀವ ಬಿಡುವ ಅಣ್ಣನಾದರೆ ಯಾರು ನೋಡುತ್ತಾರೆ ಎಂಬುದು ಅವರ ಲೆಕ್ಕ. ಮಹೇಂದ್ರನ್ ಅವರಿಗೆ ಅದು ಮೊದಲ ನಿರ್ದೇಶನ. ಆದರೂ ಕಾಳಿಯೆಂದರೆ ರಜನಿಯೇ ಎಂದು ಪಟ್ಟು ಹಿಡಿದು ಕೂತರು. ಮೊದಲ ಅವಕಾಶ ಕೈಗೆ ಸಿಕ್ಕಾಗ ಹೀಗೆ ಹಟ ಹಿಡಿಯುವವರು ಎಷ್ಟು ಜನ?

ಕಥೆ ‘ಕಲ್ಕಿ’ ಪತ್ರಿಕೆಯಲ್ಲಿ ಬಂದ ಉಮಾಚಂದ್ರನ್ ಕಾದಂಬರಿಯದು. ಅದರಲ್ಲಿ ಕಾಳಿಯ ಕೈ ಹೋಗುವುದು ಹುಲಿಯ ಬಾಯಿಗೆ ಸಿಕ್ಕಿ. ಚಿತ್ರದಲ್ಲಿ ಸಸ್ಪೆಂಡ್ ಆದ ಕಾಳಿ ಕುಡಿದು ದಾರಿಯಲ್ಲಿ ಬಿದ್ದಿರುತ್ತಾನೆ, ಕೈಮೇಲೆ ಲಾರಿ ಹರಿಯುತ್ತದೆ. ಹುಲಿಯನ್ನು ಬಿಟ್ಟದ್ದೇ ಒಳ್ಳೆಯದಾಯಿತು. ಹುಲಿ ಬಂದರೆ ಹಣೆಬರಹ ಅನ್ನಬಹುದು. ಸಸ್ಪೆಂಡ್ ಆಗಿ ಕುಡಿಯುವುದು ನಮ್ಮ ಕ್ವಾರ್ಟರ್ಸಿನಲ್ಲಿ ಕಣ್ಣಾರೆ ಕಂಡ ಕಥೆ.

ಛಾಯಾಗ್ರಾಹಕ ಬಾಲು ಮಹೇಂದ್ರ ಅವರ ಹೆಸರನ್ನೇ ನಿಮ್ಮ ಲೇಖಕರು ಬಿಟ್ಟಿದ್ದಾರೆ. ಕನ್ನಡ ಪತ್ರಿಕೆಯೇ ಬಿಟ್ಟರೆ ಹೇಗೆ ಸ್ವಾಮಿ? ಅವರು ಮೊಟ್ಟಮೊದಲು ನಿರ್ದೇಶಿಸಿದ್ದು ನಮ್ಮ ‘ಕೋಕಿಲ’ (1977). ಅದರ ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ‘ಕೋಕಿಲ’ದ ನಾಯಕ ಕಮಲ್ ಹಾಸನ್ ಅವರೇ ಬಾಲು ಅವರನ್ನು ಮಹೇಂದ್ರನ್ ಹತ್ತಿರ ಕರೆತಂದದ್ದು. ಅದರಲ್ಲಿದ್ದ ಶೋಭಾ ಇಲ್ಲಿ ಕಾಳಿಯ ತಂಗಿ ವಳ್ಳಿಯಾದಳು. ಚಿತ್ರೀಕರಣ ಶೃಂಗೇರಿಯ ಕಡೆಯೂ ನಡೆಯಿತು. ಇನ್ನು ಜೀಪಿನಲ್ಲಿ ಹೋಗುತ್ತಾ ಇಂಜಿನಿಯರ್ ಪಾತ್ರದ ಶರತ್ ಬಾಬು ಹಾಡುವ, ಯೇಸುದಾಸರ ದನಿಯ ‘ಸೆಂದಾಳಂ ಪೂವಿಲ್’ ಇದೆಯಲ್ಲ, ಅದಕ್ಕೆ ಇನ್ನು ಕಾಸು ಬಿಚ್ಚುವುದಿಲ್ಲ ಎಂದು ನಿರ್ಮಾಪಕರು ಕೈ ಎತ್ತಿಬಿಟ್ಟಿದ್ದರು. ಆ ಹಾಡಿನ ಖರ್ಚು ಕೊಟ್ಟವರೂ ಕಮಲ್. ಅವರು ಆ ಚಿತ್ರದಲ್ಲಿ ಎಲ್ಲೂ ಕಾಣುವುದಿಲ್ಲ.

ನಾನು ಅದನ್ನು ನೋಡಿದ್ದು ಭದ್ರಾವತಿಯಲ್ಲಿ. ಕಾರ್ಖಾನೆಯ ಊರು, ತಮಿಳರು ಬಹಳ, ತಮಿಳು ಚಿತ್ರಗಳಿಗೆ ಬರವಿರಲಿಲ್ಲ. ನನಗೆ ತಮಿಳು ಬಾರದು ಎಂದು ಜೊತೆಗೆ ಕೆಲಸ ಮಾಡುತ್ತಿದ್ದ ಸೇಲಂ ಕಡೆಯ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅರ್ಥ ಹೇಳಲು ಬಂದವನಿಗೆ ಕೆಲಸವೇ ಇರಲಿಲ್ಲ. ಅಷ್ಟು ಕಡಿಮೆ ಮಾತು. ಸಂಗೀತ ಕೂಡಿಸುವ ಮೊದಲು ಚಿತ್ರ ನೋಡಿದ ನಿರ್ಮಾಪಕರು ಸಂಭಾಷಣೆ ಎಲ್ಲಿ ಎಂದು ತಲೆಮೇಲೆ ಕೈ ಹೊತ್ತರಂತೆ. ಮಾತಿಲ್ಲದ ಆ ಜಾಗಗಳಲ್ಲೇ ಇಳಯರಾಜಾ ಕೂತಿದ್ದಾರೆ. ಆ ಗೆಳೆಯ ಬಾಯಿ ಬಿಟ್ಟದ್ದು ಹೆಸರಿನ ವಿಷಯಕ್ಕೆ ಮಾತ್ರ: ‘ಮುಳ್ಳು, ಹೂವು ಅಂತಲ್ಲ ಮಾರಾಯ, ಮುಳ್ಳೂ ಅರಳುತ್ತದೆ ಅಂತ.’

ನನ್ನನ್ನು ಹಿಡಿದು ನಿಲ್ಲಿಸಿದ್ದು ಟ್ರಾಲಿ. ಊರ ಜನರನ್ನು ಕಾಳಿ ಪುಕ್ಕಟೆ ಹತ್ತಿಸಿಕೊಳ್ಳುತ್ತಾನೆ, ಹೊಸ ಇಂಜಿನಿಯರು ತಡೆಯುತ್ತಾನೆ. ನಮ್ಮಲ್ಲೂ ಅದೇ ಕಾನೂನು. ಒಂದು ಮಳೆಗಾಲ, ಮೆಟ್ಟಿಲು ಹತ್ತಲಾಗದೆ ಕೂತಿದ್ದ ಅಜ್ಜಿಯೊಬ್ಬಳನ್ನು ಮೇಲಕ್ಕೆ ತಂದದ್ದಕ್ಕೆ ನನಗೆ ಮೆಮೊ ಬಂತು. ಆಗ ಉರಿದುಹೋಗಿತ್ತು. ಆದರೆ ರೋಪಿನ ತಾಕತ್ತೆಷ್ಟು, ಬ್ರೇಕು ಕೈಕೊಟ್ಟರೆ ಏನಾಗುತ್ತದೆ ಎಂಬುದು ಲಿವರ್ ಹಿಡಿದವನಿಗೆ ಗೊತ್ತಿರುತ್ತದೆ. ಮೆಮೊ ಕೊಟ್ಟವರದೂ ತಪ್ಪಿರಲಿಲ್ಲ. ಚಿತ್ರದಲ್ಲೂ ಇಂಜಿನಿಯರು ಕೆಟ್ಟವನಲ್ಲ, ಕಾಳಿ ಪೂರ್ತಿ ಒಳ್ಳೆಯವನಲ್ಲ. ಕೊನೆಯಲ್ಲಿ ತಂಗಿಯನ್ನು ಅದೇ ಇಂಜಿನಿಯರಿಗೆ ಒಪ್ಪಿಸುವಾಗಲೂ, ಈಗಲೂ ನಿಮ್ಮನ್ನು ಕಂಡರೆ ನನಗಾಗದು ಸಾರ್ ಎಂದು ಮುಖಕ್ಕೇ ಹೇಳುತ್ತಾನೆ. ಸ್ಟೈಲಿಗೆಂದು ಮಾಡಿದ ಚಿತ್ರದಲ್ಲಿ ನಾಯಕ ಹೀಗೆ ಸೋಲುತ್ತಾನೆಯೇ?

ಮುಂದಿನ ಪುರವಣಿಯಲ್ಲಿ ಮಹೇಂದ್ರನ್, ಬಾಲು ಮಹೇಂದ್ರ ಇಬ್ಬರ ಹೆಸರೂ ಇರುವ ಒಂದು ತಿದ್ದುಪಡಿ ಹಾಕಿ. ಕತ್ತರಿಸಿ ಆ ಮೆಮೊ ಜೊತೆಗೆ ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತೇನೆ.

ಇಂತಿ,
ನಿವೃತ್ತ ವಿಂಚ್ ಆಪರೇಟರ್, ಸಾಗರ