ತೇವಾಂಶ ಬರಲಿಲ್ಲವೆಂದು ಸೆನ್ಸರ್ ಬಿಸಾಡಬೇಡಿ

ಮಾನ್ಯ ಸಂಪಾದಕರೇ,

ಶಾಲಾ ಮಕ್ಕಳೇ ಹವಾಮಾನ ಕೇಂದ್ರ ಕಟ್ಟಬಹುದು ಎನ್ನುವ ಬರಹಗಳು ವಿಜ್ಞಾನ ಪುಟಗಳಲ್ಲಿ ಆಗಾಗ ಬರುತ್ತವೆ. ಹೆಚ್ಚಿನವು ‘ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹಾಕಿಕೊಳ್ಳಿ’ ಎನ್ನುವಲ್ಲಿಗೇ ನಿಂತುಬಿಡುತ್ತವೆ. ಸ್ವಂತ ಕೋಡ್ ಬರೆಯಹೊರಟವರು ಎಡವುವುದು ಅದರಾಚೆ, ರಿಜಿಸ್ಟರಿಗೆ, ಅಂದರೆ ಸೆನ್ಸರ್ ಚಿಪ್ಪಿನೊಳಗಿನ ಸಂಖ್ಯೆ ಕೊಟ್ಟ ಪುಟ್ಟ ನೆನಪಿನ ಕೋಶಗಳಿಗೆ, ಬರೆಯುವ ಕ್ರಮದಲ್ಲಿ.

ಉಷ್ಣಾಂಶ, ಒತ್ತಡ, ತೇವಾಂಶ ಮೂರನ್ನೂ ಅಳೆಯುವ ಬಾಷ್ ಕಂಪನಿಯ ಬಿಎಂಇ280 ಸೆನ್ಸರನ್ನೇ ನೋಡಿ. ಐ2ಸಿ ಬಸ್ಸಿನಲ್ಲಿ (ಚಿಪ್‌ಗಳು ಎರಡು ತಂತಿಗಳಲ್ಲಿ ಮಾತಾಡುವ ವ್ಯವಸ್ಥೆ) ಅದರ ವಿಳಾಸ 76. ಎಸ್‌ಡಿಒ ಎಂಬ ಪಿನ್ನನ್ನು 3.3 ವೋಲ್ಟಿಗೆ ಕಟ್ಟಿದರೆ 77 (ವಿಳಾಸ, ರಿಜಿಸ್ಟರ್, ಮೌಲ್ಯ ಎಲ್ಲವೂ ಇಲ್ಲಿ ಹೆಕ್ಸ್, ಅಂದರೆ ಹದಿನಾರರ ಆಧಾರದ ಲೆಕ್ಕದಲ್ಲಿವೆ). ಮೊದಲು ಡಿ0 ರಿಜಿಸ್ಟರ್ ಓದಿ. 60 ಬಂದರೆ ಸರಿ. 58 ಬಂದರೆ ಅಂಗಡಿಯಲ್ಲಿ ಕೊಟ್ಟದ್ದು ಬಿಎಂಪಿ280. ಅದರಲ್ಲಿ ತೇವಾಂಶ ಅಳೆಯುವ ಭಾಗವೇ ಇಲ್ಲ, ಕೋಡ್ ಎಷ್ಟು ತಿದ್ದಿದರೂ ವ್ಯರ್ಥ.

ವಿದ್ಯುತ್ ಕೊಟ್ಟಾಗ ಈ ಚಿಪ್ ನಿದ್ದೆಯಲ್ಲಿರುತ್ತದೆ, ಮೂರೂ ಅಳತೆಗಳು ಬಂದ್ ಆಗಿರುತ್ತವೆ. ತೇವಾಂಶ ಬೇಕೆಂದರೆ ಎಫ್2 ರಿಜಿಸ್ಟರಿಗೆ 01 ಬರೆಯಬೇಕು. ಅಷ್ಟೇ ಬರೆದು ಬಿಟ್ಟರೆ ಏನೂ ಆಗದು! ಎಫ್2ರ ಬದಲಾವಣೆ ಜಾರಿಗೆ ಬರುವುದು ಅದರ ನಂತರ, ಉಷ್ಣಾಂಶ, ಒತ್ತಡ ಮತ್ತು ಓಡುವ ವಿಧಾನವನ್ನು ನಿಗದಿಮಾಡುವ ಎಫ್4ಗೆ ಬರೆದಾಗ ಮಾತ್ರ. ಎಫ್4 ಮೊದಲು, ಎಫ್2 ಆಮೇಲೆ ಬರೆದವರಿಗೆ ಉಷ್ಣಾಂಶ, ಒತ್ತಡ ಸರಿಯಾಗಿ ಬರುತ್ತವೆ. ತೇವಾಂಶದ ಜಾಗದಲ್ಲಿ ಮಾತ್ರ 8000 ಎಂಬ ಕಚ್ಚಾ ಮೌಲ್ಯ ಅಲುಗಾಡದೆ ಕೂತಿರುತ್ತದೆ. ಅಳತೆಯ ಏರಿಳಿತ ತಗ್ಗಿಸುವ ಫಿಲ್ಟರ್ ಬೇಕಿದ್ದರೆ ಎಫ್5ಕ್ಕೂ ಚಿಪ್ ನಿದ್ದೆಯಲ್ಲಿರುವಾಗಲೇ ಬರೆಯಿರಿ. ಸತತ ಅಳತೆಯ ವಿಧಾನದಲ್ಲಿ ಓಡುತ್ತಿರುವಾಗ ಬರೆದದ್ದನ್ನು ಅದು ಕಡೆಗಣಿಸಬಹುದು.

ಇನ್ನೊಂದು ಬಲೆ ಇದೆ. ಓದುವಾಗ ರಿಜಿಸ್ಟರ್ ಸಂಖ್ಯೆ ತಾನಾಗಿಯೇ ಮುಂದಕ್ಕೆ ಸರಿಯುತ್ತದೆ, ಬರೆಯುವಾಗ ಸರಿಯುವುದಿಲ್ಲ. ಪ್ರತಿ ಮೌಲ್ಯದ ಮುಂದೆಯೂ ಅದರ ರಿಜಿಸ್ಟರ್ ಸಂಖ್ಯೆ ಕಳಿಸಲೇಬೇಕು. ಐ2ಸಿ ಬದಲು ಎಸ್‌ಪಿಐ ಎಂಬ ಇನ್ನೊಂದು ಜೋಡಣಾ ವಿಧಾನದಲ್ಲಾದರೆ ರಿಜಿಸ್ಟರ್ ಸಂಖ್ಯೆಯ ಮೇಲ್ತುದಿಯ ಬಿಟ್ ಸೊನ್ನೆಯಾಗಬೇಕು, ಅಂದರೆ ಎಫ್4ಗೆ ಬರೆಯಲು 74 ಕಳಿಸಬೇಕು.

ಆರ್ಡುಯಿನೊ ಬೋರ್ಡಿನ ಕೋಡಿನಲ್ಲಿ, ಐ2ಸಿ ಮೂಲಕ ಕಳಿಸುವುದನ್ನು ಮುಗಿಸುವ ಎಂಡ್‌ಟ್ರಾನ್ಸ್‌ಮಿಷನ್ ಆದೇಶ ಸೊನ್ನೆ ಕೊಟ್ಟಿತೆಂದು ನಿಶ್ಚಿಂತರಾಗಬೇಡಿ. ಬೈಟ್ ತಲುಪಿದೆ ಎಂದಷ್ಟೇ ಅದರರ್ಥ. ಬರೆದ ರಿಜಿಸ್ಟರನ್ನು ಮರಳಿ ಓದಿ ನೋಡಿ. ಎಂಡ್‌ಟ್ರಾನ್ಸ್‌ಮಿಷನ್ 2 ಕೊಟ್ಟರೆ ಆ ವಿಳಾಸದಲ್ಲಿ ಯಾರೂ ಓಗೊಡಲಿಲ್ಲವೆಂದು: ತಂತಿ, 4.7 ಕಿಲೋ ಓಮ್‌ನ ಪುಲ್‌ಅಪ್ (ತಂತಿಯನ್ನು ವಿದ್ಯುತ್ ಮಟ್ಟಕ್ಕೆ ಎಳೆದಿಡುವ ರೆಸಿಸ್ಟರ್), 76ರ ಬದಲು ಅದರ ಇಮ್ಮಡಿಯಾದ ಇಸಿ ಎಂದು ಬರೆದಿದ್ದೀರಾ ಎಂಬುದನ್ನು ಪರೀಕ್ಷಿಸಿ. ಚಿಪ್ಪಿನ ಕೆಲಸದ ಮಿತಿ 3.6 ವೋಲ್ಟ್, ವೋಲ್ಟೇಜ್ ಇಳಿಸುವ ಭಾಗವಿಲ್ಲದ ಬರಿಯ ಮಾಡ್ಯೂಲಿಗೆ 5 ವೋಲ್ಟ್ ತಗಲಿಸಬೇಡಿ.

ಹವಾಮಾನಕ್ಕೆ ನಿಮಿಷಕ್ಕೊಂದು ಅಳತೆ ಧಾರಾಳ. ಎಫ್4ಗೆ 27 ಬರೆದು ಚಿಪ್ಪನ್ನು ಸದಾ ಓಡಿಸುವ ಬದಲು, ಪ್ರತಿ ನಿಮಿಷ 25 ಬರೆದು, 10 ಮಿಲಿಸೆಕೆಂಡ್ ಕಾದು ಓದಿ. ಅಳತೆ ಮುಗಿಸಿ ಅದು ತಾನೇ ಮಲಗುತ್ತದೆ.

– ಎಲೆಕ್ಟ್ರಾನಿಕ್ಸ್ ಉಪನ್ಯಾಸಕ, ಹಾಸನ